ಕ್ಯಾನ್ಸರ್ ಗುಣವಾದ ಮೇಲೆ ಕೈ ಊದಿಕೊಂಡರೆ

ಸ್ತನ ಕ್ಯಾನ್ಸರಿನ ಚಿಕಿತ್ಸೆ ಮುಗಿಸಿ ಮನೆಗೆ ಬಂದ ಕೆಲವು ತಾಯಂದಿರಿಗೆ ತಿಂಗಳುಗಳ, ಕೆಲವೊಮ್ಮೆ ವರ್ಷಗಳ ಬಳಿಕ ಆಪರೇಶನ್ ಆದ ಬದಿಯ ಕೈ ಊದಿಕೊಳ್ಳುತ್ತದೆ. ಬಳೆ ಬಿಗಿಯಾಗುತ್ತದೆ, ಕೈ ಭಾರವೆನಿಸುತ್ತದೆ. ರೋಗ ಮರಳಿತೇನೋ ಎಂಬ ಭಯದಿಂದ ಹಲವರು ಅದನ್ನು ಸೆರಗಿನಡಿ ಮುಚ್ಚಿಡುತ್ತಾರೆ. ಹಾಗೆ ಮಾಡಬಾರದು. ಹೊಸ ಊತವನ್ನು ವೈದ್ಯರಿಗೆ ತೋರಿಸಿ ಕಾರಣ ತಿಳಿಯಬೇಕು. ಹಲವರಲ್ಲಿ ಅದು ಲಿಂಫೆಡಿಮಾ, ಅಂದರೆ ದುಗ್ಧರಸದ ಊತ.

ಅಡಿಕೆ ತೋಟದ ಕಣಿ ಕಟ್ಟಿದರೆ ಬುಡದಲ್ಲಿ ನೀರು ನಿಲ್ಲುತ್ತದಲ್ಲವೇ? ಇದೂ ಹಾಗೆಯೇ. ದೇಹದ ಸೂಕ್ಷ್ಮ ನಾಳಗಳು ಹೆಚ್ಚುವರಿ ದ್ರವವನ್ನು ಒಯ್ದು ರಕ್ತಕ್ಕೆ ಸೇರಿಸುತ್ತವೆ. ಕಂಕುಳಿನ ಗ್ರಂಥಿಗಳನ್ನು ತೆಗೆದಾಗ ಅಥವಾ ಅಲ್ಲಿಗೆ ರೇಡಿಯೇಶನ್ ಕೊಟ್ಟಾಗ ಆ ದಾರಿ ಕೆಡಬಹುದು. ಪೂರ್ಣ ಗುಣವಾಗುವುದು ಕಷ್ಟ. ಹತೋಟಿಯಲ್ಲಿಡುವುದು ಖಂಡಿತ ಸಾಧ್ಯ.

ಮೊದಲನೆಯದು ಚರ್ಮದ ರಕ್ಷಣೆ. ಹುಲ್ಲು ಕೊಯ್ಯುವಾಗ, ಅಡಿಕೆ ಸುಲಿಯುವಾಗ, ಹಟ್ಟಿಯ ಗೊಬ್ಬರ ತೆಗೆಯುವಾಗ ಕೈಗವಸು ಹಾಕಿರಿ. ದಿನವೂ ಸಾಬೂನಿನಿಂದ ತೊಳೆದು, ಬೆರಳ ಸಂದುಗಳನ್ನು ಒರೆಸಿ, ಚರ್ಮ ಒಡೆಯದಂತೆ ತೆಳ್ಳಗೆ ಎಣ್ಣೆ ಸವರಿರಿ. ಮುಳ್ಳು ಗೀರಿದರೂ ತೊಳೆದು ಮದ್ದು ಹಚ್ಚಿರಿ. ಕೈ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಅದು ಸೋಂಕು. ನಾಳೆ ನೋಡೋಣ ಎನ್ನದೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಪ್ರತಿ ಸೋಂಕೂ ನಾಳಗಳನ್ನು ಇನ್ನಷ್ಟು ಕೆಡಿಸುತ್ತದೆ.

ಎರಡನೆಯದು ಒತ್ತಡದ ಪಟ್ಟಿ ಅಥವಾ ತೋಳುಚೀಲ. ಅಳತೆ ಕೊಟ್ಟು ತರಿಸಿ, ವೈದ್ಯರು ಹೇಳಿದಂತೆ ಧರಿಸಿರಿ. ಸಡಿಲವಾದದ್ದು ಉಪಯೋಗಕ್ಕಿಲ್ಲ. ಬಿಸಿ ಎಣ್ಣೆ ಹಾಕಿ ಬಲವಾಗಿ ತಿಕ್ಕಿಸಬೇಡಿ.

ಮೂರನೆಯದು ಕೆಲಸ. ಆ ಕೈಯಿಂದ ಏನನ್ನೂ ಎತ್ತಬಾರದೆಂದು ಹಿಂದೆ ಹೇಳುತ್ತಿದ್ದರು. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಇಂತಹ ಊತವಿದ್ದ 141 ಮಹಿಳೆಯರಲ್ಲಿ ಅರ್ಧದಷ್ಟು ಮಂದಿ ತೋಳುಚೀಲ ಧರಿಸಿ ಸ್ವಲ್ಪಸ್ವಲ್ಪವಾಗಿ ಭಾರ ಎತ್ತಿದರು. ಅವರ ಊತ ಹೆಚ್ಚಲಿಲ್ಲ, ಉಲ್ಬಣವೂ ಕಡಿಮೆಯಾಯಿತು. ಆದುದರಿಂದ ಕೈಯನ್ನು ಸುಮ್ಮನಿಡಬೇಡಿ. ಒಮ್ಮೆಲೇ ತುಂಬಿದ ಕೊಡವನ್ನೂ ಎತ್ತಬೇಡಿ. ಅರ್ಧ ಚೊಂಬಿನಿಂದ ಆರಂಭಿಸಿರಿ. ಹುಲ್ಲಿನ ದೊಡ್ಡ ಹೊರೆಯನ್ನು ಮನೆಯ ಗಂಡಸರು ಹೊರಲಿ.

ಆನೆಕಾಲಿನ ಊತಕ್ಕೆ ನಮ್ಮ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಚರ್ಮದ ಆರೈಕೆ, ಪಟ್ಟಿ, ಯೋಗ, ಆಯುರ್ವೇದಗಳನ್ನು ಸೇರಿಸಿ ಚಿಕಿತ್ಸೆ ಕೊಟ್ಟು ಹೆಸರಾಗಿದೆ. ದಿನನಿತ್ಯದ ಆರೈಕೆಯ ಫಲವೇನೆಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ.

ತಿಂಗಳಿಗೊಮ್ಮೆ ಎರಡೂ ಕೈಗಳನ್ನು ಒಂದೇ ಜಾಗದಲ್ಲಿ ಟೇಪಿನಿಂದ ಅಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. ಅಳತೆ ಏರತೊಡಗಿದರೆ ಕಾಯದೆ ವೈದ್ಯರನ್ನು ಕಾಣಿರಿ.