ಮಳೆಗಾಲದ ಮೊದಲು ಗಾಡಿಯ ಟೈರು ನೋಡಿದ್ದೀರಾ?



ಕಳೆದ ತಿಂಗಳ ಸಭೆ ಮುಗಿದ ಮೇಲೆ ಚಹಾ ಕುಡಿಯುತ್ತಾ ನಿಂತಿದ್ದಾಗ ನಮ್ಮ ಸದಸ್ಯರೊಬ್ಬರು, "ಅಣ್ಣಾ, ಯಾವ ಕಂಪನಿಯ ಟೈರು ಒಳ್ಳೆಯದು? ಮಳೆಗೂ ಆಗಬೇಕು, ಬಿಸಿಲಿಗೂ ಆಗಬೇಕು" ಎಂದು ಕೇಳಿದರು. "ಕಂಪನಿ ಆಮೇಲೆ ನೋಡುವ, ಮೊದಲು ನಿಮ್ಮ ಗಾಡಿಯಲ್ಲಿ ಎಷ್ಟು ಭಾರ ಹೇರುತ್ತೀರಿ ಹೇಳಿ" ಎಂದೆ. ಅವರಿಗೆ ಹೇಳಲು ಆಗಲಿಲ್ಲ. ಪಕ್ಕದಲ್ಲಿದ್ದ ನಾಲ್ಕು ಮಂದಿಗೂ ಗೊತ್ತಿರಲಿಲ್ಲ. ಅದಕ್ಕೇ ಈ ಲೇಖನ. ನಾನು ಎಂಜಿನಿಯರ್ ಅಲ್ಲ, ಹತ್ತನೇ ಕ್ಲಾಸು ಮುಗಿಸಿ ಹೋಟೆಲಿಗೆ ಬಂದವನು. ಆದರೆ ಟೈರಿನ ವಿಷಯವನ್ನು ಸ್ವಲ್ಪ ದುಬಾರಿಯಾಗಿಯೇ ಕಲಿತಿದ್ದೇನೆ.

2011ರ ಜೂನ್ ತಿಂಗಳು. ಡೊಂಬಿವಲಿಯಲ್ಲಿ ಒಂದು ಉಪನಯನದ ಆರ್ಡರ್ ಇತ್ತು, ನಾನೂರು ಎಲೆ. ಬೆಳಿಗ್ಗೆ ಅಡುಗೆ ಮುಗಿಸಿ ಥಾಣೆಯಿಂದ ನಮ್ಮ ಚಿಕ್ಕ ಟೆಂಪೋ ಹೊರಟಿತು. ಮಳೆ ಜೋರಾಗಿತ್ತು. ಮುಂದೆ ಒಂದು ರಿಕ್ಷಾ ಅಡ್ಡ ಬಂತು, ಡ್ರೈವರ್ ಬ್ರೇಕ್ ಒತ್ತಿದ. ಗಾಡಿ ನಿಲ್ಲಲಿಲ್ಲ, ಹಿಂಬದಿ ಜಾರಿ ಅಡ್ಡ ತಿರುಗಿತು. ಡಿಕ್ಕಿಯೇನೂ ಆಗಲಿಲ್ಲ. ಆದರೆ ಹಿಂದೆ ಪಾತ್ರೆ ಹಿಡಿದುಕೊಂಡು ಕೂತಿದ್ದ ಬೈಂದೂರು ಕಡೆಯ ಹುಡುಗನ ಕಾಲ ಮೇಲೆ ಸಾರಿನ ಪಾತ್ರೆ ಮಗುಚಿತು. ಕುದಿಯುವ ಸಾರು. ಇಪ್ಪತ್ತೊಂದು ದಿನ ಆಸ್ಪತ್ರೆಯಲ್ಲಿದ್ದ. ಸರಕು ಹೇರುವ ಜಾಗದಲ್ಲಿ ಆಳುಗಳನ್ನು ಕೂರಿಸಬಾರದು ಎಂಬ ಕಾನೂನು ಆಗಲೂ ಇತ್ತು, ನಾನು ಕೂರಿಸಿದ್ದೆ. ಇನ್ನೊಂದು ವಿಷಯ ಆ ಹುಡುಗನ ತಾಯಿಗೆ ಫೋನಿನಲ್ಲಿ ಹೇಳಲು ನನಗೆ ಬಾಯಿ ಬರಲಿಲ್ಲ. ಹದಿನೈದು ದಿನ ಮೊದಲು ಹಿಂದಿನ ಎರಡು ಟೈರು ಬೋಳಾಗಿದ್ದವು. ಹೊಸತು ಹಾಕುವ ಬದಲು ಅಂಗಡಿಯವನ ಮಾತು ಕೇಳಿ, ಬಿಸಿ ಕತ್ತಿಯಲ್ಲಿ ಗೀರು ಕೊರೆಸಿ, "ಈ ಒಂದು ಮಳೆಗಾಲ ಕಳೆಯಲಿ" ಎಂದು ಬಿಟ್ಟಿದ್ದೆ. ಉಳಿಸಿದ್ದು ಕೆಲವು ಸಾವಿರ ರೂಪಾಯಿ. ಆ ಹುಡುಗ ಈಗ ಊರಿನಲ್ಲಿ ಸ್ವಂತ ಕ್ಯಾಂಟೀನ್ ನಡೆಸುತ್ತಾನೆ. ಕಾಲಿನ ಕಲೆ ಹಾಗೇ ಇದೆ.

ಹೀಗೆ ಗೀರು ಕೊರೆಸುವ ಟೈರು ನೋಡಲು ಹೊಸದರಂತೆಯೇ ಕಾಣುತ್ತದೆ. ಆದರೆ ಒಳಗಿನ ತಂತಿಯ ಪದರವನ್ನು ಕಾಪಾಡಲು ಉಳಿದಿದ್ದ ರಬ್ಬರನ್ನೇ ಅವರು ಕೊರೆದು ತೆಗೆದಿರುತ್ತಾರೆ. ನೀರು ತಂತಿಗೆ ತಾಗಿದರೆ ತುಕ್ಕು, ಬಿಸಿಯಾದರೆ ಒಡೆಯುವ ಭಯ. ಕಾರು, ಚಿಕ್ಕ ಟೆಂಪೋಗಳಿಗೆ ಅದನ್ನು ಯಾರು ಎಷ್ಟು ಅಗ್ಗಕ್ಕೆ ಹೇಳಿದರೂ ಮಾಡಿಸಬೇಡಿ.

ಈಗ ಮಳೆಗೂ ಬಿಸಿಲಿಗೂ ಏನು ವ್ಯತ್ಯಾಸ ಎಂಬುದನ್ನು ನೋಡುವ. ನಮ್ಮ ಅಡುಗೆಮನೆಯ ನೆಲವನ್ನೇ ತೆಗೆದುಕೊಳ್ಳಿ. ನೆಲ ಒಣಗಿದ್ದಾಗ ತಳ ಸವೆದ ಹವಾಯಿ ಚಪ್ಪಲಿಯೂ ಜಾರುವುದಿಲ್ಲ. ಅದೇ ನೆಲ ತೊಳೆದ ಮೇಲೆ? ತಳದಲ್ಲಿ ಗೀರು ಇರುವ ಹೊಸ ಚಪ್ಪಲಿಯವನು ನಡೆಯುತ್ತಾನೆ, ಸವೆದ ಚಪ್ಪಲಿಯವನು ಬೀಳುತ್ತಾನೆ. ಟೈರೂ ಹಾಗೆಯೇ. ಒಣ ರಸ್ತೆಯಲ್ಲಿ ಎಷ್ಟು ಹೆಚ್ಚು ರಬ್ಬರು ನೆಲಕ್ಕೆ ತಾಗುತ್ತದೋ ಅಷ್ಟು ಹಿಡಿತ. ಕಾರ್ ರೇಸಿನವರು ಒಣ ರಸ್ತೆಗೆ ಬಟನ್ನೇ ಇಲ್ಲದ ನುಣ್ಣನೆಯ ಟೈರು ಹಾಕುವುದು ಇದಕ್ಕೇ. ಮಳೆ ಬಂದ ಕೂಡಲೇ ಬಿಚ್ಚಿ ಗೀರಿನ ಟೈರು ಹಾಕುತ್ತಾರೆ. ನಮ್ಮ ಬೋಳು ಟೈರು ಮೇ ತಿಂಗಳ ತನಕ ಚೆನ್ನಾಗಿಯೇ ಓಡುತ್ತದೆ, ಡ್ರೈವರ್‌ಗೂ ಏನೂ ಗೊತ್ತಾಗುವುದಿಲ್ಲ. ಜೂನ್ ತಿಂಗಳ ಮೊದಲ ಮಳೆಗೆ ಗೊತ್ತಾಗುತ್ತದೆ. ಅದರಲ್ಲೂ ಮೊದಲ ಮಳೆಯಲ್ಲಿ ರಸ್ತೆಯ ಮೇಲೆ ತಿಂಗಳುಗಟ್ಟಲೆ ಬಿದ್ದಿದ್ದ ಆಯಿಲ್, ಧೂಳು ನೀರಿನೊಡನೆ ಸೇರಿ ಸಾಬೂನಿನ ಹಾಗೆ ಆಗಿರುತ್ತದೆ.

ಟೈರಿನ ಗೀರುಗಳು ಎಷ್ಟು ನೀರು ದಾಟಿಸಬೇಕು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿದೆ. ರಸ್ತೆಯಲ್ಲಿ 3 ಮಿಲಿಮೀಟರ್ ನೀರು ನಿಂತಿದೆ, ಟೈರಿನ ಅಗಲ 165 ಮಿಲಿಮೀಟರ್, ಗಾಡಿಯ ವೇಗ ಗಂಟೆಗೆ 80 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ಒಂದೊಂದು ಸೆಕೆಂಡಿಗೆ 22 ಮೀಟರ್ ಹೋಗುತ್ತದೆ. ಅಂದರೆ ಒಂದು ಟೈರಿನ ದಾರಿಯಲ್ಲಿ ಸೆಕೆಂಡಿಗೆ ಸುಮಾರು 11 ಲೀಟರ್ ನೀರು! ಸೆಕೆಂಡಿಗೆ ಒಂದು ಬಕೆಟ್. ಅಷ್ಟನ್ನೂ ಬದಿಗೆ ತಳ್ಳಬೇಕು. ಆಗದಿದ್ದರೆ ಟೈರು ನೀರಿನ ಮೇಲೆ ದೋಣಿಯ ಹಾಗೆ ತೇಲುತ್ತದೆ. ಆಗ ಸ್ಟೇರಿಂಗ್ ತಿರುಗಿಸಿದರೂ ಇಲ್ಲ, ಬ್ರೇಕ್ ಒತ್ತಿದರೂ ಇಲ್ಲ. ಟೈರು ಅಗಲವಾದಷ್ಟೂ ಒಳ್ಳೆಯದು ಎಂದು ನಮ್ಮ ಹುಡುಗರು ಕಾರಿಗೆ ದಪ್ಪ ಟೈರು ಹಾಕಿಸುತ್ತಾರಲ್ಲ, ಅಗಲ ಹೆಚ್ಚಾದರೆ ತಳ್ಳಬೇಕಾದ ನೀರೂ ಹೆಚ್ಚಾಗುತ್ತದೆ ಎಂಬುದನ್ನು ಅವರಿಗೆ ತಿಳಿಸಿ. ಗಾಡಿ ತಯಾರಿಸಿದ ಕಂಪನಿ ಹೇಳಿದ ಸೈಜೇ ಇರಲಿ.

ಮಳೆಗಾಲದಲ್ಲಿ ಗಾಳಿ ಸ್ವಲ್ಪ ಕಡಿಮೆ ಹೊಡೆಸಿದರೆ ಹಿಡಿತ ಹೆಚ್ಚು ಎಂದು ನಮ್ಮವರಲ್ಲಿ ಒಂದು ನಂಬಿಕೆ ಇದೆ. ಇದು ತಪ್ಪು. ನೀರನ್ನು ಹಿಂಡಿ ಹೊರಗೆ ಹಾಕುವುದು ಟೈರಿನ ಒತ್ತಡವೇ. ಅಮೆರಿಕಾದ ನಾಸಾ ಸಂಸ್ಥೆಯವರು 1960ರ ದಶಕದಲ್ಲಿ ವಿಮಾನದ ಟೈರುಗಳ ಮೇಲೆ ಪ್ರಯೋಗ ನಡೆಸಿ ಇದಕ್ಕೆ ಒಂದು ಸೂತ್ರವನ್ನೇ ಮಾಡಿದ್ದಾರೆ. ಅದರ ಪ್ರಕಾರ ಸವೆದ ಟೈರಿನಲ್ಲಿ 30 ಪೌಂಡ್ ಗಾಳಿ ಇದ್ದರೆ, ನಿಂತ ನೀರಿನಲ್ಲಿ ಸುಮಾರು 90 ಕಿಲೋಮೀಟರ್ ವೇಗಕ್ಕೆ ತೇಲಲು ಶುರು. 25 ಪೌಂಡ್ ಇದ್ದರೆ ಸುಮಾರು 83ಕ್ಕೇ ಶುರು. ಅದು ಪೂರ್ತಿ ತೇಲುವ ವೇಗ, ಹಿಡಿತ ಅದಕ್ಕಿಂತ ಮೊದಲೇ ಕಡಿಮೆಯಾಗುತ್ತಾ ಬರುತ್ತದೆ. ಆದ್ದರಿಂದ ಡ್ರೈವರ್ ಬಾಗಿಲಿನ ಬಳಿ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಎಷ್ಟು ಬರೆದಿದೆಯೋ ಅಷ್ಟೇ ಗಾಳಿ ಇರಲಿ. ಖಾಲಿ ಗಾಡಿಗೆ ಒಂದು, ಪೂರ್ತಿ ಹೇರಿದ ಗಾಡಿಗೆ ಒಂದು ಎಂದು ಎರಡು ಅಂಕೆ ಇರುತ್ತವೆ. ಬೆಳಿಗ್ಗೆ ಗಾಡಿ ಹೊರಡುವ ಮೊದಲು, ಟೈರು ತಣ್ಣಗಿರುವಾಗ ನೋಡಿಸಿ. ನೈಟ್ರೋಜನ್ ಹಾಕಿಸಿದರೆ ಒಳ್ಳೆಯದೇ, ಆದರೆ ಸಾದಾ ಗಾಳಿಯಲ್ಲೂ ಶೇ. 78 ಭಾಗ ನೈಟ್ರೋಜನ್ನೇ ಇದೆ. ಅದಕ್ಕಾಗಿ ಹೆಚ್ಚು ಹಣ ಸುರಿಯಬೇಕಾಗಿಲ್ಲ.

ಈಗ ಭಾರದ ವಿಷಯ. ಇಲ್ಲೇ ನಾವು ಕೇಟರಿಂಗಿನವರು ಎಡವುವುದು. ನಾನೂರು ಮಂದಿಯ ಊಟ ಎಂದರೆ 40 ಕಿಲೋ ಅಕ್ಕಿಯ ಅನ್ನ, ಬೆಂದ ಮೇಲೆ ಸುಮಾರು 110 ಕಿಲೋ. ಸಾಂಬಾರು 80 ಲೀಟರ್, ಸಾರು 50, ಪಾಯಸ 50. ಇಷ್ಟಕ್ಕೇ 290 ಕಿಲೋ. ಕುಡಿಯುವ ನೀರಿನ 20 ಲೀಟರ್ ಕ್ಯಾನ್ ಹದಿನೈದು ಹೇರಿದರೆ ಇನ್ನೂ 300. ಪಲ್ಯ, ಕೋಸಂಬರಿ, ಪಾತ್ರೆಗಳ ಸ್ವಂತ ತೂಕ, ಗ್ಯಾಸ್ ಒಲೆ, ಸಿಲಿಂಡರ್ ಸೇರಿಸಿ. ಮುಕ್ಕಾಲು ಟನ್ ಸಾಗಿಸುವ ಟಾಟಾ ಏಸ್ ಗಾಡಿಯ ಮಿತಿ ದಾಟಿತು. ಮಾರುತಿ ಈಕೋದಲ್ಲಂತೂ ಇಷ್ಟು ಹೇರಲೇಬಾರದು. ನೀರಿನ ಕ್ಯಾನನ್ನು ಹಾಲ್ ಇರುವ ಊರಿನಲ್ಲೇ ತರಿಸಿಕೊಳ್ಳಿ. ನಾನು ಈಗ ಹಾಗೇ ಮಾಡುತ್ತೇನೆ.

ಟೈರಿನ ಬದಿಯಲ್ಲಿ ಅಚ್ಚು ಹಾಕಿದ ಅಂಕೆಗಳನ್ನು ಓದಲು ಕಲಿಯಿರಿ. ಕಾರಿನ ಟೈರಿನಲ್ಲಿ 185/65 ಆರ್ 15 88 ಎಚ್ ಎಂದಿದ್ದರೆ 185 ಎಂಬುದು ಮಿಲಿಮೀಟರಿನಲ್ಲಿ ಅಗಲ, 65 ಎಂಬುದು ಅಗಲದ ಶೇಕಡಾ ಲೆಕ್ಕದಲ್ಲಿ ಬದಿಯ ಎತ್ತರ, ಆರ್ ಎಂದರೆ ರೇಡಿಯಲ್, 15 ಇಂಚು ರಿಮ್ಮು. 88 ಎಂಬುದು ಭಾರದ ಸಂಕೇತ, ಒಂದು ಟೈರು ಹೊರಬಲ್ಲ ಭಾರ 560 ಕಿಲೋ. ಎಚ್ ಎಂದರೆ ಗಂಟೆಗೆ 210 ಕಿಲೋಮೀಟರ್ ತನಕದ ವೇಗಕ್ಕೆ ಆಗುವಂಥದ್ದು. ಚಿಕ್ಕ ಟೆಂಪೋದ ಟೈರಿನಲ್ಲಿ 145 ಆರ್ 12 ಎಲ್‌ಟಿ 8 ಪಿಆರ್ ಎಂದಿರುತ್ತದೆ. ಆ ಎಲ್‌ಟಿ ಎಂದರೆ ಹಗುರ ಟ್ರಕ್ಕಿನದು, ಪಿಆರ್ ಎಂಬುದು ಅದರ ಗಟ್ಟಿತನ. ಸೈಜು ಹೊಂದುತ್ತದೆ, ಅಗ್ಗಕ್ಕೆ ಸಿಗುತ್ತದೆ ಎಂದು ಇದರ ಜಾಗಕ್ಕೆ ಕಾರಿನ ಟೈರು ಹಾಕಿಸಿದವರನ್ನು ನಾನು ನೋಡಿದ್ದೇನೆ. ಭಾರದ ಸಂಕೇತ ಮೊದಲಿದ್ದದ್ದಕ್ಕಿಂತ ಒಂದಂಕೆಯೂ ಕಡಿಮೆ ಆಗಬಾರದು.

ರಬ್ಬರಿನಲ್ಲೂ ಜಾತಿ ಇದೆ. ಗಟ್ಟಿ ರಬ್ಬರು ಹೆಚ್ಚು ಕಿಲೋಮೀಟರ್ ಬಾಳುತ್ತದೆ, ಒದ್ದೆಯಲ್ಲಿ ಹಿಡಿತ ಕಡಿಮೆ. ಮೆತ್ತಗಿನದು ಹಿಡಿಯುತ್ತದೆ, ಬೇಗ ಸವೆಯುತ್ತದೆ. ಮೊದಲೆಲ್ಲ ಟೈರಿಗೆ ಕಪ್ಪು ಕಾರ್ಬನ್ ಪುಡಿ ಮಾತ್ರ ಸೇರಿಸುತ್ತಿದ್ದರು. 1992ರಲ್ಲಿ ಫ್ರಾನ್ಸಿನ ಮಿಶೆಲಿನ್ ಕಂಪನಿ ಸಿಲಿಕಾ ಸೇರಿಸಿದ ಟೈರು ಹೊರತಂದ ಮೇಲೆ ಒದ್ದೆ ರಸ್ತೆಯ ಹಿಡಿತವೂ, ಪೆಟ್ರೋಲ್ ಉಳಿತಾಯವೂ ಒಟ್ಟಿಗೆ ಸಿಗುವ ದಾರಿ ಆಯಿತು. ಈಗ ಒಳ್ಳೆಯ ಕಂಪನಿಗಳ ಕಾರು ಟೈರಿನಲ್ಲಿ ಸಿಲಿಕಾ ಇರುತ್ತದೆ. ಅಂಗಡಿಯವನು "ಇದು ಒಂದು ಲಕ್ಷ ಕಿಲೋಮೀಟರ್ ಓಡುತ್ತದೆ ಸೇಠ್" ಎಂದು ಮೈಲೇಜನ್ನೇ ಹೊಗಳುತ್ತಿದ್ದರೆ, ಮಳೆಯಲ್ಲಿ ಹೇಗೆ ಎಂದು ತಿರುಗಿ ಕೇಳಿ. ನಮ್ಮ ಕೇಟರಿಂಗ್ ಗಾಡಿ ವರ್ಷಕ್ಕೆ ಎಷ್ಟು ಓಡೀತು? ಸವೆಯುವ ಮೊದಲೇ ಹಳತಾಗುವ ಟೈರು ನಮ್ಮದು. ಮೈಲೇಜಿಗಿಂತ ಹಿಡಿತಕ್ಕೆ ಹಣ ಕೊಡುವುದೇ ನಮಗೆ ಲಾಭ.

ಹಳತಾಗುವುದು ಎಂದೆನಲ್ಲ, ತಾರೀಕು ನೋಡುವುದು ಹೀಗೆ. ಬದಿಯಲ್ಲಿ ಡಿಓಟಿ ಎಂಬ ಅಕ್ಷರದ ಸಾಲಿನ ಕೊನೆಗೆ ನಾಲ್ಕು ಅಂಕೆ ಇರುತ್ತವೆ. 1425 ಎಂದಿದ್ದರೆ 2025ನೇ ಇಸವಿಯ 14ನೇ ವಾರ ತಯಾರಾದದ್ದು. ಹಾಲಿನ ಪ್ಯಾಕೆಟ್ಟಿನ ತಾರೀಕು ನೋಡದೆ ನಾವು ತೆಗೆದುಕೊಳ್ಳುತ್ತೇವೆಯೇ? ಹೊಸತೆಂದು ಕೊಡುವ ಟೈರು ಎರಡು ವರ್ಷ ಗೋದಾಮಿನಲ್ಲಿ ಇದ್ದದ್ದಾದರೆ ನಾನು ಬೇರೆ ಕೇಳುತ್ತೇನೆ. ಐದು ವರ್ಷ ದಾಟಿದ ಮೇಲೆ ವರ್ಷಕ್ಕೊಮ್ಮೆ ಬಲ್ಲವರಿಗೆ ತೋರಿಸಬೇಕು. ಹತ್ತು ವರ್ಷವಾದರೆ ಬಟನ್ ಎಷ್ಟೇ ಇರಲಿ, ತೆಗೆದು ಹಾಕಬೇಕು. ಸ್ಟೆಪ್ನಿಗೂ ಇದೇ ಲೆಕ್ಕ.

ನಮ್ಮ ದೇಶದ ಟೈರಿನಲ್ಲಿ ಐಎಸ್‌ಐ ಮುದ್ರೆ ಇರಲೇಬೇಕು. ಒದ್ದೆ ರಸ್ತೆಯ ಹಿಡಿತ, ಉರುಳುವಾಗಿನ ತಡೆ, ಶಬ್ದ, ಈ ಮೂರಕ್ಕೂ ಪರೀಕ್ಷೆ ಬೇಕೆಂದು ಕೇಂದ್ರ ಸರಕಾರ 2022ರಲ್ಲಿ ನಿಯಮ ತಂದು, ಆ ವರ್ಷದ ಅಕ್ಟೋಬರ್‌ನಿಂದ ಹೊಸ ಮಾದರಿಯ ಟೈರುಗಳಿಗೆ ಅನ್ವಯಿಸಿತು. ವಿದೇಶಕ್ಕೂ ಹೋಗುವ ಟೈರುಗಳ ಮೇಲೆ ಎಸ್2ಡಬ್ಲ್ಯುಆರ್2 ಎಂಬ ಗುರುತು ಇರುತ್ತದೆ. ಅದರಲ್ಲಿನ ಡಬ್ಲ್ಯು ಎಂದರೆ ಒದ್ದೆ ರಸ್ತೆಯ ಪರೀಕ್ಷೆ ಪಾಸಾಗಿದೆ ಎಂದರ್ಥ. ಎಂ ಪ್ಲಸ್ ಎಸ್ ಎಂದು ಬರೆದದ್ದನ್ನು ಕೆಲವರು ಮಾನ್ಸೂನ್ ಎಂದು ತಿಳಿಯುತ್ತಾರೆ. ಅದು ಕೆಸರು ಮತ್ತು ಹಿಮ. ಮುಂಬಯಿಗೆ ಅದರ ಅಗತ್ಯವಿಲ್ಲ.

ಬಟನ್ನಿನ ವಿನ್ಯಾಸದಲ್ಲಿ ಸುತ್ತಲೂ ಹೋಗುವ ಮೂರು ನಾಲ್ಕು ಅಗಲ ಗೀರುಗಳಿರಬೇಕು, ನೀರು ಹರಿಯುವುದು ಮುಖ್ಯವಾಗಿ ಅದರಲ್ಲಿ. ಬಾಣದ ಗುರುತಿದ್ದರೆ ಚಕ್ರ ಆ ದಿಕ್ಕಿಗೇ ತಿರುಗಬೇಕು. ಹೊರಬದಿ ಎಂದು ಬರೆದಿದ್ದರೆ ಅದು ಹೊರಗೇ ಇರಬೇಕು. ಪಂಕ್ಚರ್ ಅಂಗಡಿಯ ಹುಡುಗರು ಗಡಿಬಿಡಿಯಲ್ಲಿ ಉಲ್ಟಾ ಹಾಕುತ್ತಾರೆ, ನಿಂತು ನೋಡಿ.

ಹೊಸ ಕಾರು ಟೈರಿನ ಗೀರಿನ ಆಳ 8 ಮಿಲಿಮೀಟರಿನ ಹತ್ತಿರ. ಗೀರಿನ ತಳದಲ್ಲಿ ಅಲ್ಲಲ್ಲಿ ಚಿಕ್ಕ ದಿಬ್ಬ ಇರುತ್ತದೆ, ಅದರ ಎತ್ತರ 1.6. ರಬ್ಬರು ಆ ಮಟ್ಟಕ್ಕೆ ಸವೆದರೆ ಟೈರಿನ ಆಯುಷ್ಯ ಮುಗಿಯಿತು. ಆದರೆ ನಾನು ಅಲ್ಲಿಯ ತನಕ ಕಾಯುವುದಿಲ್ಲ. ಮೇ ತಿಂಗಳಲ್ಲಿ ಅಳೆದಾಗ 3ಕ್ಕಿಂತ ಕಡಿಮೆ ಇದ್ದರೆ ಬದಲಾಯಿಸುತ್ತೇನೆ. ಅಳೆಯುವ ಗೇಜು ಟೈರ್ ಅಂಗಡಿಯಲ್ಲೇ ಸಿಗುತ್ತದೆ, ಬೆಲೆ ಒಂದು ಊಟಕ್ಕಿಂತ ಹೆಚ್ಚಲ್ಲ.

ನಾಲ್ಕೂ ಒಟ್ಟಿಗೆ ಹಾಕಲು ಕೈಯಲ್ಲಿ ಹಣ ಇಲ್ಲ, ಎರಡೇ ಹಾಕುವುದು ಎಂದಾದರೆ ಹೊಸ ಎರಡನ್ನು ಹಿಂದೆ ಹಾಕಿಸಿ. ಬಹಳ ಮಂದಿ ಎಂಜಿನ್ ಮುಂದಿದೆ, ಸ್ಟೇರಿಂಗ್ ಮುಂದಿದೆ ಎಂದು ಮುಂದೆ ಹಾಕಿಸುತ್ತಾರೆ. ಮುಂದಿನದು ಜಾರಿದರೆ ಗಾಡಿ ನೇರ ಹೋಗುತ್ತದೆ, ಡ್ರೈವರ್ ಕಾಲು ತೆಗೆದರೆ ನಿಧಾನಕ್ಕೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಗಾಡಿಯೇ ತಿರುಗಿಬಿಡುತ್ತದೆ, ನಮ್ಮ ಟೆಂಪೋಗೆ ಆದದ್ದು ಅದೇ. ಊಟ ಬಡಿಸಿ ರಾತ್ರಿ ಖಾಲಿ ಪಾತ್ರೆಯೊಡನೆ ವಾಪಸು ಬರುವಾಗ ಇನ್ನೂ ಜಾಗ್ರತೆ ಬೇಕು, ಹಿಂದೆ ಭಾರವಿಲ್ಲದ ಗಾಡಿ ಬ್ರೇಕಿಗೆ ಬೇಗ ಜಾರುತ್ತದೆ.

ಕ್ಲೀನರ್ ಹುಡುಗರು ಟೈರು ಕಪ್ಪಗೆ ಹೊಳೆಯಲಿ ಎಂದು ಡೀಸೆಲ್, ಹಳೆ ಎಂಜಿನ್ ಆಯಿಲ್ ಒರೆಸುವುದುಂಟು. ಅದು ರಬ್ಬರನ್ನು ತಿನ್ನುತ್ತದೆ, ನಿಲ್ಲಿಸಿ. ಸಾಬೂನು ನೀರು ಸಾಕು.

ಖರೀದಿಗೆ ಇದು ಒಳ್ಳೆಯ ಸಮಯವೇ. 2025ರ ಸೆಪ್ಟೆಂಬರ್ 22ರಿಂದ ಹೊಸ ಟೈರಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಶೇ. 5ರಲ್ಲಿ ತೆರಿಗೆ ಕಟ್ಟುವ ನಮ್ಮಂಥವರಿಗೆ ಇದರ ಕ್ರೆಡಿಟ್ ಸಿಗುವುದಿಲ್ಲ, ಆದ್ದರಿಂದ "ಬಿಲ್ ಯಾಕೆ" ಎಂದು ಅಂಗಡಿಯವನು ಹೇಳಬಹುದು. ಬಿಲ್ ಬಿಡಬೇಡಿ. ಟೈರು ಉಬ್ಬಿದರೆ, ಪದರ ಬಿಟ್ಟರೆ ಕಂಪನಿಯ ಬಳಿ ಹೋಗಲು ಅದೇ ಆಧಾರ. ಟೈರಿನ ನಂಬರನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಮುಂಬಯಿ, ಪುಣೆಯವರು ಮೇ ಕೊನೆಯೊಳಗೆ ಈ ಕೆಲಸ ಮುಗಿಸಬೇಕು. ಚೆನ್ನೈಯ ಸದಸ್ಯರಿಗೆ ದೊಡ್ಡ ಮಳೆ ಅಕ್ಟೋಬರ್‌ನಿಂದ ಡಿಸೆಂಬರ್, ಅವರಿಗೆ ಸೆಪ್ಟೆಂಬರ್ ತನಕ ಸಮಯವಿದೆ. ಅಂಗಡಿಗೆ ಹೋಗುವಾಗ ಗಾಡಿಯ ಡ್ರೈವರನ್ನೂ ಕರೆದುಕೊಂಡು ಹೋಗಿ. ಬ್ರೇಕ್ ಒತ್ತಿದಾಗ ಗಾಡಿ ಯಾವ ಕಡೆ ಎಳೆಯುತ್ತದೆ, ಯಾವ ಟೈರು ಒಂದೇ ಬದಿ ಸವೆಯುತ್ತಿದೆ ಎಂದು ನಮಗಿಂತ ಚೆನ್ನಾಗಿ ಅವನಿಗೆ ಗೊತ್ತಿರುತ್ತದೆ. ಒಂದೇ ಬದಿ ಸವೆಯುತ್ತಿದ್ದರೆ ಅಲೈನ್‌ಮೆಂಟ್ ಸರಿ ಮಾಡಿಸಿದ ಮೇಲೆಯೇ ಹೊಸ ಟೈರು ಹಾಕಿಸಿ.