ಕೆಂಡ ಬದಿಗೆ, ಪಕ್ಕೆಲುಬು ನಡುವೆ

ಕೈಲ್ ಪೊಳ್ದ್ ಹಬ್ಬಕ್ಕೆ ಬಂದ ನೆಂಟರಿಗೆ ಹಂದಿ ಪಕ್ಕೆಲುಬು ಸುಟ್ಟು ಕೊಡುತ್ತೇನೆಂದು ಹೊರಟು ಮರ್ಯಾದೆ ಕಳಕೊಂಡವ ನಾನು. ಮೂರು ಕೆ.ಜಿ. ಮಾಂಸವನ್ನು ನೇರ ಕೆಂಡದ ಮೇಲೆ ಹರಡಿದ್ದೆ. ಕೊಬ್ಬು ತೊಟ್ಟಿಕ್ಕಿ ಬೆಂಕಿ ಭಗ್ಗೆಂದಿತು. ಕಾಲು ಗಂಟೆಯಲ್ಲಿ ಹೊರಗೆ ಕರಿಕಲು, ಎಲುಬಿನ ಬುಡದಲ್ಲಿ ಹಸಿ. ಹಂದಿಯನ್ನು ಅರೆಬೆಂದದ್ದು ತಿನ್ನುವಂತಿಲ್ಲ, ಲಾಡಿಹುಳದ ಭಯ. ಕೊನೆಗೆ ಎಲ್ಲ ಪಾತ್ರೆಗೆ ಬಿದ್ದು ಸಾರಾಯಿತು.

ತಪ್ಪು ಮಾಂಸದ್ದಲ್ಲ, ಕೆಂಡ ಇಟ್ಟ ಜಾಗದ್ದು. ಏಲಕ್ಕಿಯನ್ನು ಬೆಂಕಿಯ ಮೇಲೆ ಸುರಿದು ಯಾರಾದರೂ ಒಣಗಿಸುತ್ತಾರೆಯೇ? ಕೊಳವೆಯಲ್ಲಿ ಬಿಸಿ ಹಾಯಿಸಿ, ಕೋಣೆಯ ಗಾಳಿ ಕಾಯಿಸುತ್ತೇವೆ. ಇಲ್ಲೂ ಅದೇ. ಪಕ್ಕೆಲುಬಿನ ಗಟ್ಟಿ ನಾರು ಕರಗಿ ಮೆದುವಾಗಲು ಉರಿಗಿಂತ ಹೊತ್ತು ಮುಖ್ಯ. 110ರಿಂದ 125 ಡಿಗ್ರಿ ಸೆಲ್ಸಿಯಸ್ ಬಿಸಿಗಾಳಿಯಲ್ಲಿ ನಾಲ್ಕು ಗಂಟೆ ಬೇಕು, ನಾಟಿ ಹಂದಿಯಾದರೆ ಇನ್ನೂ ಅರ್ಧ ಗಂಟೆ.

ನನ್ನದು ಉದ್ದಕ್ಕೆ ಸೀಳಿದ ಹಳೇ ಡ್ರಮ್ಮು. ಔಷಧಿ ತುಂಬಿದ್ದ ಡ್ರಮ್ಮು ಖಂಡಿತ ಬೇಡ, ಸತುವಿನ ಲೇಪ ಇರುವುದೂ ಬೇಡ. ಕಾದರೆ ವಿಷದ ಹೊಗೆ. ಕೆಳಗೊಂದು, ಮುಚ್ಚಳಕ್ಕೊಂದು ಗಾಳಿಕಂಡಿ ಇರಲಿ. ಚಿಪ್ಪಿನ ಇದ್ದಿಲನ್ನು ಬೂದಿ ಕಟ್ಟುವ ತನಕ ಹೊತ್ತಿಸಿ, ಎರಡೂ ಬದಿಗೆ ಸರಿಸಿ. ನಡುವೆ ಎರಡು ಬೆರಳು ನೀರಿರುವ ತಟ್ಟೆ. ಕೊಬ್ಬು ಅದಕ್ಕೆ ಬೀಳುತ್ತದೆ, ಉರಿ ಏಳುವುದಿಲ್ಲ. ತಟ್ಟೆಯ ಮೇಲಕ್ಕೆ ಬರುವಂತೆ ಜಾಲರಿಯಲ್ಲಿ ಮಾಂಸ, ಎಲುಬಿನ ಬದಿ ಕೆಳಗೆ. ಒಳಮೈಯ ಬಿಳಿ ಪೊರೆಯನ್ನು ಮೊದಲೇ ಸುಲಿದಿರಬೇಕು, ಇಲ್ಲದಿದ್ದರೆ ಮಸಾಲೆ ಹಿಡಿಯದು. ಪರಿಮಳಕ್ಕೆ ಗಿಡಗಸಿಯಲ್ಲಿ ಸಿಕ್ಕ ಒಣ ಕಾಫಿ ಕಡ್ಡಿ ಎರಡು ಸಾಕು. ಹಸಿದಾದರೆ ಹೊಗೆ ಕಹಿ.

ಮುಚ್ಚಳ ಹಾಕಿದ ಮೇಲೆ ಇಣುಕುವ ಚಟ ಬಿಡಿ. ಮುಕ್ಕಾಲು ಗಂಟೆಗೊಮ್ಮೆ ಎಂಟು ಹತ್ತು ಹೊತ್ತಿದ ಇದ್ದಿಲು ಸೇರಿಸಿ. ಬಿಸಿ ಹೆಚ್ಚಾದರೆ ಕೆಳಗಿನ ಕಂಡಿ ಕಿರಿದು ಮಾಡಿ.

ಎಲ್ಲರೂ ಎಡವುವುದು ನಡುವೆ. ಮಾಂಸದ ಒಳಬಿಸಿ 70 ಡಿಗ್ರಿ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲೇ ನಿಲ್ಲುತ್ತದೆ. ಕೆಂಡ ಆರಿತೆಂದು ಇದ್ದಿಲು ಸುರಿದರೆ ಕೆಟ್ಟಿತು. ಮಣ್ಣಿನ ಹೂಜಿ ಬೆವರಿ ನೀರು ತಂಪಾಗುವಂತೆ, ಮಾಂಸದ ತೇವ ಆವಿಯಾಗುತ್ತಾ ಅದನ್ನು ತಣಿಸುತ್ತಿರುತ್ತದೆ. ಸುಮ್ಮನೆ ಕಾಯಿರಿ. ಕಾಯಲು ಆಗದಿದ್ದರೆ ಬಾಡಿಸಿದ ಬಾಳೆಲೆಯಲ್ಲಿ ಎರಡು ಸುತ್ತು ಬಿಗಿಯಾಗಿ ಸುತ್ತಿ ಇಡಿ. ಆವಿ ಹೊರಹೋಗದೆ ಬಿಸಿ ಏರುತ್ತದೆ. ನಾನು ಹಾಗೇ ಮಾಡುವುದು, ತಾಳ್ಮೆ ಕಡಿಮೆ.

ಕೊನೆಯ ಅರ್ಧ ಗಂಟೆ ಎಲೆ ಬಿಚ್ಚಿ, ಕಾಚಂಪುಳಿಗೆ ಚೂರು ಬೆಲ್ಲ ಕರಗಿಸಿ ಸವರಿ. ಮೊದಲೇ ಸವರಿದರೆ ಬೆಲ್ಲ ಸೀದೀತು. ಎಲುಬಿನ ತುದಿಯಿಂದ ಮಾಂಸ ಅರ್ಧ ಇಂಚು ಹಿಂದೆ ಸರಿದು, ಇಕ್ಕಳದಲ್ಲಿ ಎತ್ತಿದರೆ ಬಾಗಿ ಬಿರುಕು ಬಿಟ್ಟರೆ ಆಯಿತು.

ಮಳೆ ಬಂತೆಂದು ಡ್ರಮ್ಮನ್ನು ಮುಚ್ಚಿದ ಕೋಣೆಗೆ ತರಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಜೀವವನ್ನೇ ತೆಗೆಯುತ್ತದೆ. ನಾಲ್ಕು ಕಡೆ ತೆರೆದ ಮಾಡಿನಡಿ ಇಡಿ. ಕೆಲಸ ಮುಗಿದ ಮೇಲೆ ಎರಡೂ ಕಂಡಿ ಮುಚ್ಚಿದರೆ ಕೆಂಡ ಆರಿ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಆಗುತ್ತದೆ.