ಶುಗರ್‌ನಿಂದಾದ ಸಾವು ಯಾವ ಜಿಲ್ಲೆಯ ಲೆಕ್ಕ?

ಶರಾವತಿ ಕಡಲು ಸೇರುವಲ್ಲಿ ಹೊನ್ನಾವರ ಪೇಟೆಗೆ ಎದುರಾಗಿ ಕೂತಿರುವ ಕಾಸರಕೋಡವನ್ನು ಹೊರಗಿನವರು ಗುರುತಿಸುವುದು 2020ರಲ್ಲಿ ನೀಲಿ ಬಾವುಟದ ಮಾನ್ಯತೆ ಪಡೆದ ಕಡಲತೀರದಿಂದ. ಇಲ್ಲಿ ಶುಗರ್ ಇರುವವರು ಎಷ್ಟು ಮಂದಿ, ಅದರಿಂದ ಸತ್ತವರು ಎಷ್ಟು ಎಂದು ಕೇಳಿದರೆ ಮಾತ್ರ ಲೆಕ್ಕ ಹೆದ್ದಾರಿ ಹತ್ತಿ ದಕ್ಷಿಣಕ್ಕೆ ಹೊರಟುಬಿಡುತ್ತದೆ.

ಉತ್ತರ ಕನ್ನಡದ ದಕ್ಷಿಣ ತುದಿಯ ಭಟ್ಕಳದಿಂದ ಜಿಲ್ಲಾ ಕೇಂದ್ರ ಕಾರವಾರಕ್ಕಿಂತ ಪಕ್ಕದ ಉಡುಪಿ ಜಿಲ್ಲೆಯ ಮಣಿಪಾಲದ ಆಸ್ಪತ್ರೆಗಳೇ ಹತ್ತಿರ. ಹೊನ್ನಾವರ, ಕುಮಟಾದವರೂ ಕಾಯಿಲೆ ಜೋರಾದರೆ ನೋಡುವುದು ಹೆಚ್ಚಾಗಿ ಅತ್ತಲೇ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಉರುಳಿ ನಾಲ್ವರು ಸತ್ತದ್ದು ಈ ಓಡಾಟದಲ್ಲೇ. ನಮ್ಮ ಜಿಲ್ಲೆಯಲ್ಲೇ ಒಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಆಗ ಮತ್ತೆ ಎದ್ದಿತು.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಸಾವು ನೋಂದಣಿಯಾಗುವುದು ಅದು ಸಂಭವಿಸಿದ ಜಾಗದಲ್ಲಿ. ಕಾಸರಕೋಡದವರು ಮಣಿಪಾಲದಲ್ಲಿ ತೀರಿಕೊಂಡರೆ ಆ ಸಾವು ಉಡುಪಿ ಜಿಲ್ಲೆಯದಾಗುತ್ತದೆ. ಮನೆ ವಿಳಾಸ ಅರ್ಜಿಯಲ್ಲಿ ಇರುತ್ತದೆ, ನಿಜ. ವಿಳಾಸವಾರು ವಿಂಗಡಿಸದೆ ನಕ್ಷೆ ಬಿಡಿಸಿದರೆ ಕಾಣುವುದು ಆಸ್ಪತ್ರೆಗಳ ಹಂಚಿಕೆ, ರೋಗದ್ದಲ್ಲ. ದಾಖಲಾತಿ ಹೆಚ್ಚಿರುವ ಊರಿನಲ್ಲಿ ಕಾಯಿಲೆಯೇ ಹೆಚ್ಚು ಎನ್ನಲಾಗದು. ಹಾಸಿಗೆಗಳು ಹತ್ತಿರವಿದ್ದಿರಬಹುದು, ಅಷ್ಟೆ.

ಇದರ ಮೇಲೆ ವೈದ್ಯರು ಬರೆಯುವ ಮರಣ ಕಾರಣದ ಪ್ರಮಾಣಪತ್ರದ ತೊಡಕು ಬೇರೆ. ಮೊದಲ ಭಾಗದಲ್ಲಿ ವೈದ್ಯರು ಸಾವಿಗೆ ನೇರವಾಗಿ ದಾರಿಯಾದ ಕಾರಣಗಳನ್ನು ಬರೆಯಬೇಕು. ಎರಡನೆಯದರಲ್ಲಿ ಜೊತೆಗೂಡಿದ ಕಾಯಿಲೆಗಳನ್ನು. ಹೃದಯಾಘಾತ, ಕಿಡ್ನಿ ವೈಫಲ್ಯ, ನಂಜು ಮೇಲೆ ಕೂತರೆ ಇಪ್ಪತ್ತು ವರ್ಷದ ಮಧುಮೇಹ ಕೆಳಗಿನ ಸಾಲಿಗೆ ಜಾರುತ್ತದೆ. ಅಂಕಿಅಂಶ ಎಣಿಸುವುದು ಒಂದೇ ಮೂಲಕಾರಣವನ್ನು.

2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ದೇಶದ ವಯಸ್ಕರಲ್ಲಿ ಮಧುಮೇಹ ಶೇ 11.4 ಎಂದಿತು. ಗೋವಾದಲ್ಲಿ ಶೇ 26.4, ಕೇರಳದಲ್ಲಿ 25.5, ಉತ್ತರ ಪ್ರದೇಶದಲ್ಲಿ ಬರೀ 4.8. ಗೋವಾಕ್ಕೂ ಕೇರಳಕ್ಕೂ ನಡುವಿನ ನಮ್ಮ ಕರಾವಳಿಯ ತಾಲ್ಲೂಕುಗಳ ಸ್ಥಿತಿಯನ್ನು ರಾಜ್ಯದ ಸರಾಸರಿಯಿಂದ ಊಹಿಸಿ ಸುಮ್ಮನಾಗುವುದು ನನಗಂತೂ ಸರಿಕಾಣದು.

ಏಕೆಂದರೆ ಇಲ್ಲಿಯ ಅಪಾಯಗಳಿಗೆ ಇಲ್ಲಿಯದೇ ಬಣ್ಣವಿದೆ. ಬಹುಕಾಲ ಸಕ್ಕರೆ ಏರಿದ ದೇಹದಲ್ಲಿ ಪಾದದ ನರಗಳು ಮಂದವಾಗುತ್ತವೆ, ರಕ್ತ ಸಂಚಾರ ಕುಗ್ಗುತ್ತದೆ. ಬರಿಗಾಲಲ್ಲಿ ಬಲೆ ಎಳೆಯುವವರಿಗೆ ಚಿಪ್ಪು ಕೊಯ್ದದ್ದು ನೋಯುವುದೇ ಇಲ್ಲ. ನೋಯದ ಗಾಯಕ್ಕೆ ಯಾರು ಔಷಧಿ ಹಚ್ಚುತ್ತಾರೆ? ಮಳೆಗಾಲದಲ್ಲಿ ಮೆಲಿಯಾಯ್ಡೋಸಿಸ್ ಎಂಬ ಇನ್ನೊಂದು ಭಯವಿದೆ. ಒದ್ದೆ ಮಣ್ಣಿನ, ಗದ್ದೆ ನೀರಿನ ಬ್ಯಾಕ್ಟೀರಿಯಾವೊಂದು ಗಾಯದಿಂದಲೋ ಉಸಿರಿನಿಂದಲೋ ಒಳಹೊಕ್ಕು ಶ್ವಾಸಕೋಶದಲ್ಲಿ, ಯಕೃತ್ತಿನಲ್ಲಿ ಕೀವು ಕಟ್ಟಿಸುತ್ತದೆ. ಎಷ್ಟೋ ಸಲ ಕ್ಷಯವೆಂದೇ ತಪ್ಪು ತಿಳಿಯುವ ಈ ಸೋಂಕಿಗೆ ಅತಿ ದೊಡ್ಡ ಆಹ್ವಾನ ಮಧುಮೇಹವೇ. ಕರಾವಳಿ ಕರ್ನಾಟಕದ ಇಂಥ ರೋಗಿಗಳನ್ನು ಮಣಿಪಾಲದ ವೈದ್ಯರು ವರ್ಷಗಳಿಂದ ದಾಖಲಿಸುತ್ತಲೇ ಬಂದಿದ್ದಾರೆ.

ಆಸ್ಪತ್ರೆಯಿಂದ ಬಿಡುಗಡೆಯಾದವರ, ತೀರಿಕೊಂಡವರ ಪಟ್ಟಿಯನ್ನು ಪಿನ್‌ಕೋಡ್ ಹಿಡಿದು ವಿಂಗಡಿಸಲು ಹೊಸ ಯಂತ್ರವೇನೂ ಬೇಡ. ವಯಸ್ಸಿನ ವ್ಯತ್ಯಾಸವನ್ನು ಸರಿದೂಗಿಸಿ, ಪ್ರತಿ ಲಕ್ಷ ಜನರಿಗೆ ಎಷ್ಟು ಎಂದು ಲೆಕ್ಕ ಹಾಕಿ ಆಯಾ ತಾಲ್ಲೂಕಿಗೆ ಮರಳಿ ಕಳಿಸಿದರೆ, ಜೂನ್‌ಗೆ ಮುಂಚೆ ಯಾವ ಕೇರಿಯಲ್ಲಿ ಪಾದ ತಪಾಸಣೆ ಮೊದಲಾಗಬೇಕು ಎಂದು ಹೊನ್ನಾವರದ ಆರೋಗ್ಯ ಸಿಬ್ಬಂದಿಗೆ ತಿಳಿಯುತ್ತದೆ.